ಡ್ರಮ್ಮಿನ ಬೆಸುಗೆಗೆ ಅಂಟಿದ ಮ್ಯಾಗ್ನೆಟ್

ಗೆಳೆಯರೇ, ಸ್ಟೀಲಿಗೆ ತುಕ್ಕು ಹಿಡಿಯುತ್ತಾ? ಇವತ್ತು ಪೀಣ್ಯದಲ್ಲಿ ಇದೇ ವಿಷಯಕ್ಕೆ ಜಗಳ. ತೀರಿಕೊಂಡ ನನ್ನ ಹೆಂಡತಿ ಆಸೆಪಟ್ಟು ಕೊಂಡಿದ್ದ ಸ್ಟೀಲ್ ಡ್ರಮ್ಮು ತಳದಲ್ಲಿ ಸೋರುತ್ತಿತ್ತು, ಹೋದ ತಿಂಗಳು ವೆಲ್ಡಿಂಗ್ ಮಾಡಿಸಿದ್ದೆ. ಈಗ ಬೆಸುಗೆಯ ಗೆರೆಗೆ ಮಾತ್ರ ತುಕ್ಕು, ಮತ್ತೆ ಸೋರಿಕೆ. ಗುಜರಿಗೆ ಹಾಕಿ ಅಂತಾಳೆ ಮಗಳು. ನನಗೆ ಮನಸ್ಸಿಲ್ಲ.

"ನಿಮ್ ಬೋರ್‌ವೆಲ್ ನೀರು ಸರಿಯಿಲ್ಲ ಸಾರ್," ಅಂದ ವೆಲ್ಡಿಂಗ್ ಅಂಗಡಿಯ ರಾಜಣ್ಣ.

"ಹಾಗಾದ್ರೆ ಇಡೀ ಡ್ರಮ್ಮು ತುಕ್ಕು ಹಿಡೀಬೇಕಿತ್ತಲ್ಲಪ್ಪ? ಡಿಸ್‌ಸಿಮಿಲರ್ ಮೆಟಲ್ ಈಸ್ ದಿ ಮದರ್ ಆಫ್..." ಬೇರೆ ಬೇರೆ ಲೋಹ ಸೇರಿಸಿದರೆ ತುಕ್ಕು ಬರುತ್ತೆ ಅಂತ ಕಾಲೇಜಿನಲ್ಲಿ ಕಲಿತ ವಾಕ್ಯ, ಕೊನೆ ಮಾತ್ರ ನೆನಪಾಗಲಿಲ್ಲ. ಹೋಗಲಿ ಅಂತ, ಅನುಮಾನದಿಂದಲೇ ತಂದಿದ್ದ ಫ್ರಿಜ್ ಮ್ಯಾಗ್ನೆಟ್ ತೆಗೆದೆ. ಡ್ರಮ್ಮಿಗೆ ಹಿಡಿದರೆ ಜಾರಿ ಬಿತ್ತು. ಬೆಸುಗೆಗೆ ಹಿಡಿದರೆ ಟಪ್ಪಂತ ಕೂತಿತು. ಅಂದರೆ ಡ್ರಮ್ಮು ಸ್ಟೀಲು, ಬೆಸುಗೆ ಮಾತ್ರ ಕಬ್ಬಿಣ.

ರಾಜಣ್ಣ ಬಗ್ಗಿ ನೋಡಿ, ತನ್ನ ವೆಲ್ಡಿಂಗ್ ರಾಡಿನ ಡಬ್ಬ ನೆಲಕ್ಕೆ ಸುರಿದ. ಗೇಟಿಗೆ ಹಾಕುವ ಕಬ್ಬಿಣದ ರಾಡು, ಸ್ಟೀಲಿನ ರಾಡು, ಬಳಸಿ ಉಳಿದ ತುಂಡುಗಳೆಲ್ಲ ಅದರಲ್ಲೇ ಬೆರೆತಿದ್ದವು.

"ಥೂ, ಗೇಟ್ ರಾಡಲ್ಲೇ ಹೊಡ್ದ್‌ಬಿಟ್ಟಿದೀನಿ ಸಾರ್!"

ಹಳೇ ಬೆಸುಗೆ ಉಜ್ಜಿ ತೆಗೆದು, ಮ್ಯಾಗ್ನೆಟ್ಟಿಗೆ ಅಂಟದ ರಾಡು ಆರಿಸಿ ಮತ್ತೆ ಬೆಸೆದ. ನೀರು ತುಂಬಿಸಿ ನೋಡಿದೆವು, ಒಂದು ಹನಿಯೂ ಸೋರಲಿಲ್ಲ. ಡ್ರಮ್ಮು ಉಳಿಯಿತು. ನಾನು ಸುಮ್ಮನೆ ಬರಬಹುದಿತ್ತು.

"ಅಲ್ಲ ರಾಜಣ್ಣ, ಆ ಎರಡು ಲೋಹ ಕರಗಿ ಬೆರೆತಾಗ ಒಳಗೆ ಏನಾಗತ್ತೆ?"

"ಸಾರ್, ನಿಮ್ ಮನೆಯವ್ರು ನಿಮ್ಮನ್ನ ಹೆಂಗ್ ತಡ್ಕೊಂಡಿದ್ರು?"

"ಎಲ್ಲಿ ತಡ್ಕೋತಿದ್ಲು? ಕುಕ್ಕರ್ ವಿಷಲ್ ಬಂತು ಅಂತ ಎದ್ದು ಹೋಗ್ತಿದ್ಲು. ಎಷ್ಟೋ ಸಲ ಒಲೆ ಮೇಲೆ ಕುಕ್ಕರೇ ಇರ್ತಿರ್ಲಿಲ್ಲ."