ಅಕ್ಕ ಕಡಲಿಗೆ ಇಳಿದದ್ದು

ಭಾವ ದೋಣಿ ಕೊಂಡ ಸುದ್ದಿಯನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದ್ದು, ಯಾರೋ ತೀರಿಹೋದರು ಎಂದು ತಿಳಿಸುವ ಸ್ವರದಲ್ಲಿ.

“ದೋಣಿ ಮಾರಾಯ್ತಿ, ದೋಣಿ. ಇಷ್ಟು ವರ್ಷ ಕಡಲಲ್ಲಿ ಇದ್ದದ್ದು ಸಾಕಾಗ್ಲಿಲ್ಲ ಇವರಿಗೆ.”

ಭಾವನಿಗೆ ಗಲ್ಫಿನ ಒಂದು ಬಂದರಿನಲ್ಲಿ ಟಗ್ ಬೋಟಿನ ಕೆಲಸವಿತ್ತು. ದೊಡ್ಡ ಹಡಗುಗಳನ್ನು ಎಳೆದು, ದೂಡಿ, ಧಕ್ಕೆಯ ಕಟ್ಟೆಗೆ ತಂದು ನಿಲ್ಲಿಸುವ ಗಿಡ್ಡ, ಗಟ್ಟಿಮುಟ್ಟಾದ ಬೋಟು ಅದು. ಮದುವೆಯಾದ ವರ್ಷವೇ ಹೋದವರು ತಲೆಯೆಲ್ಲ ಬೆಳ್ಳಗಾದ ಮೇಲೆ ಬಂದರು. ನಡುವೆ ಎರಡು ವರ್ಷಕ್ಕೊಮ್ಮೆ ರಜೆ, ಬಜಪೆ ವಿಮಾನ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬರುವುದು, ಬಜಪೆಗೆ ಹೋಗಿ ಬಿಟ್ಟು ಬರುವುದು. ಅಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಮದುವೆ ಮಾಡಿಸಿ, ಕುಲಶೇಖರದಲ್ಲಿ ನಾಲ್ಕನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದು ಅಭ್ಯಾಸವಾದವಳು. ಭಾವ ಬಂದು ಕುಳಿತಾಗ ಅವಳಿಗೆ ಮನೆಗೆ ನೆಂಟರು ಬಂದು ಹೋಗಲಿಕ್ಕೇ ಮರೆತ ಹಾಗೆ ಅನಿಸುತ್ತಿತ್ತು. ಅದನ್ನು ಅವಳೇ ನಗುತ್ತಾ ಹೇಳಿದ್ದಳು, ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ.

ನಮ್ಮದು ಗದ್ದೆ ಬೇಸಾಯದ ಮನೆ. ಕಡಲು ಕೂಗಳತೆಯಲ್ಲಿ ಅಲ್ಲದಿದ್ದರೂ ಬಸ್ಸಿನಳತೆಯಲ್ಲಿ ಇತ್ತು. ಆದರೂ ನಮಗೆ ಕಡಲೆಂದರೆ ಭಾನುವಾರ ಸಂಜೆ ಪಣಂಬೂರಿಗೆ ಹೋಗಿ ಚುರುಮುರಿ ತಿಂದು, ಪಾದ ಒದ್ದೆ ಮಾಡಿಕೊಂಡು ಬರುವ ಜಾಗ. ಅಕ್ಕ ಅಷ್ಟೂ ಮಾಡುತ್ತಿರಲಿಲ್ಲ. ಒಣ ಮರಳಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ಕುಳಿತಿರುತ್ತಿದ್ದಳು.

ದೋಣಿ ನೋಡಲು ಹೋದೆವು. ಹೊಳೆಯಾಚೆ ಬೆಂಗ್ರೆಯ ಕಡೆ ದಡದಲ್ಲಿ ಕಟ್ಟಿದ್ದರು. ಹಳೆಯ ಫೈಬರ್ ದೋಣಿ, ಸಿಟಿ ಬಸ್ಸಿಗಿಂತ ಸ್ವಲ್ಪ ಗಿಡ್ಡ. ನಡುವೆ ಡೀಸೆಲ್ ಎಂಜಿನ್, ಮುಂದೆ ತಲೆ ಬಗ್ಗಿಸಿ ಒಳಗೆ ಹೋಗುವ ಸಣ್ಣ ಗೂಡು, ಅದರಲ್ಲಿ ಎರಡು ಹಲಗೆ ಮಂಚ. ಭಾವ ಅದಕ್ಕೆ ತಾವೇ ಬಿಳಿ ಬಣ್ಣ ಹೊಡೆದಿದ್ದರು. ಚಳಿಗಾಲದಲ್ಲಿ ಕಡಲು ಶಾಂತ ಇರುವಾಗ, ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಕಾರವಾರದವರೆಗೆ ಹೋಗಬೇಕು, ಸಂಜೆಯಾದಾಗ ಯಾವುದಾದರೂ ಬಂದರಿನೊಳಗೆ ತಂಗಬೇಕು. ಇದು ಅವರ ಯೋಚನೆ.

“ಇಡೀ ಜೀವಮಾನ ಬೇರೆಯವರ ಹಡಗು ಎಳೆದೆ. ನನ್ನ ಊರಿನ ಕಡಲನ್ನು ನಾನು ನೋಡಿದ್ದು ವಿಮಾನದ ಕಿಟಕಿಯಿಂದ ಮಾತ್ರ” ಎಂದರು.

“ನಾನು ಬರುವುದಿಲ್ಲ” ಎಂದಳು ಅಕ್ಕ.

“ನಾನು ಬರ್ತೇನೆ ಭಾವ” ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ನಾನು ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವಳು. ನೆಲಮಾಳಿಗೆಯ ಕೋಣೆ, ಕಿಟಕಿ ಇಲ್ಲ. ಹೊರಗೆ ಮಳೆ ಬಂದದ್ದು ಗೊತ್ತಾಗುವುದು ರೋಗಿಗಳ ಒದ್ದೆ ಕೊಡೆ ನೋಡಿ. ಇದ್ದಕ್ಕಿದ್ದಂತೆ ನನಗೆ ಗೋಡೆಯೇ ಇಲ್ಲದ ಜಾಗ ಬೇಕೆನಿಸಿತು.

ಆ ರಾತ್ರಿ ಊಟವಾದ ಮೇಲೆ ಅಕ್ಕ ಪಾತ್ರೆ ತೊಳೆಯುತ್ತಾ, ನಮ್ಮ ಕಡೆ ತಿರುಗದೆ, “ನೀವಿಬ್ಬರೇ ಹೋದ್ರೆ ಅನ್ನ ಬೇಯಿಸುವುದು ಯಾರು?” ಎಂದಳು. ಒಪ್ಪಿಗೆ ಅಂದರೆ ಅಷ್ಟೇ.

ನಾವು ಹೊರಟದ್ದು ಬೆಳಕು ಹರಿಯುವ ಹೊತ್ತಿಗೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಸೇರುವ ಜಾಗವನ್ನು ನಾವು ಅಳಿವೆ ಎನ್ನುತ್ತೇವೆ. ಎಡಗಡೆ ಉಳ್ಳಾಲದ ತೆಂಗಿನ ಸಾಲು ಇನ್ನೂ ಕಪ್ಪಾಗಿತ್ತು. ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ನೀರು ಒಳಗೆ ನುಗ್ಗುತ್ತದೆ, ಎರಡೂ ಹಟಕ್ಕೆ ಬಿದ್ದಲ್ಲಿ ದೋಣಿ ಎದ್ದು ಎದ್ದು ಬೀಳುತ್ತದೆ. ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿ, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಗಂಜಿಯ ಕುಕ್ಕರನ್ನೂ ಹಿಡಿದುಕೊಂಡಿದ್ದಳು.

ಆಮೇಲೆ ಒಮ್ಮೆಲೇ ಎಲ್ಲ ಸಮ ಆಯಿತು. ಭಾವ ದೋಣಿಯನ್ನು ಉತ್ತರಕ್ಕೆ ತಿರುಗಿಸಿದರು.

“ಈಗ ಕಣ್ಣು ಬಿಡು” ಎಂದರು. “ಹಿಂದೆ ನೋಡು.”

ನಾವು ಹುಟ್ಟಿ ಬೆಳೆದ ಊರು ನೀರಿನ ಅಂಚಿನಲ್ಲಿ ಒಂದು ಗೆರೆಯಷ್ಟಾಗಿತ್ತು. ಬಹುಮಹಡಿ ಕಟ್ಟಡಗಳು ಬೆಂಕಿಪೆಟ್ಟಿಗೆ ನಿಲ್ಲಿಸಿಟ್ಟ ಹಾಗೆ ಕಾಣುತ್ತಿದ್ದವು. ಆದರೆ ಉಸಿರು ಹಿಡಿಸಿದ್ದು ಅದರ ಹಿಂದೆ ಇದ್ದದ್ದು. ಊರಿನ ಬೆನ್ನ ಹಿಂದೆ, ಅದರ ಎಷ್ಟೋ ಪಟ್ಟು ಎತ್ತರಕ್ಕೆ, ಘಟ್ಟದ ಸಾಲು ಎದ್ದು ನಿಂತಿತ್ತು. ನೀಲಿ, ಅದರ ಹಿಂದೆ ತಿಳಿನೀಲಿ, ಅದರ ಹಿಂದೆ ಹೊಗೆಯಂಥ ಇನ್ನೊಂದು. ಆ ತುದಿಯಿಂದ ಈ ತುದಿಯವರೆಗೆ ಎಲ್ಲೂ ಕಡಿಯದ ಗೋಡೆ. ನಡುವೆ ಒಂದು ಶಿಖರ ಕುದುರೆ ಮುಖ ಎತ್ತಿದ ಹಾಗೆ ಇತ್ತು. ಸೂರ್ಯ ಆ ಸಾಲಿನ ಹಿಂದಿನಿಂದ ಬಂದ.

“ಕುದುರೆಮುಖ ಅಂತ ಹೆಸರು ಬಂದದ್ದು ಇಲ್ಲಿಂದ ನೋಡಿಯೇ ಇರಬೇಕು” ಎಂದರು ಭಾವ.

ಅಕ್ಕ ಕುಕ್ಕರನ್ನು ಕೆಳಗಿಟ್ಟಳು. “ಇದು ಯಾವಾಗಲೂ ನಮ್ಮ ಮನೆಯ ಹಿಂದೆ ಇತ್ತಾ?” ಎಂದು ಕೇಳಿದಳು. ದಡ್ಡ ಪ್ರಶ್ನೆ ಎಂದು ಯಾರಿಗೂ ಅನಿಸಲಿಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಪಣಂಬೂರಿನ ಹೊರಗೆ ಬಂದರಿನ ಸರದಿಗೆ ಕಾಯುತ್ತಾ ಹಡಗುಗಳು ಲಂಗರು ಹಾಕಿ ನಿಂತಿದ್ದವು. ದಡದಿಂದ ಆಟಿಕೆಯಷ್ಟು ಕಾಣುವ ಅವುಗಳ ಬುಡಕ್ಕೆ ಬಂದಾಗ ಕತ್ತು ನೋವಾಗುವಷ್ಟು ಮೇಲೆ ನೋಡಬೇಕಾಯಿತು. ತುಕ್ಕು ಹಿಡಿದ ಕಬ್ಬಿಣದ ಒಂದು ಬೆಟ್ಟ ಸುಮ್ಮನೆ ನೀರಿನ ಮೇಲೆ ನಿಂತಿತ್ತು. ಅಷ್ಟರಲ್ಲಿ ಬಜಪೆಗೆ ಇಳಿಯುವ ವಿಮಾನವೊಂದು ನಮ್ಮ ತಲೆಯ ಮೇಲೆಯೇ ಚಕ್ರ ಬಿಚ್ಚಿಕೊಂಡು ಹೋಯಿತು. ಅಕ್ಕ ಅದನ್ನು ಮರೆಯಾಗುವವರೆಗೆ ನೋಡಿದಳು.

“ಇದರಲ್ಲಿ ಬರುವಾಗ ನಿಮಗೆ ಇದೆಲ್ಲ ಕಾಣ್ತಿತ್ತಾ?”

“ಕಾಣದೆ ಎಂತ? ಕಿಟಕಿಗೆ ಮೂಗು ಒತ್ತಿಕೊಂಡು ದೋಣಿ ಯಾವುದು ಉಂಟು ಅಂತ ಹುಡುಕ್ತಿದ್ದೆ.”

“ನಾನು ಅಲ್ಲಿ ಹೊರಗೆ ಕಂಬಿ ಹಿಡ್ಕೊಂಡು ನಿಂತಿರ್ತಿದ್ದೆ” ಎಂದಳು ಅಕ್ಕ. ಭಾವ ಚುಕ್ಕಾಣಿಯನ್ನು ತುಸು ತಿರುಗಿಸಿದರು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೋ, ಕೇಳಿಸಿತೋ.

ಮೊದಲ ದಿನ ಮಲ್ಪೆ, ಎರಡನೆಯ ದಿನ ಗಂಗೊಳ್ಳಿ. ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ನಡುವೆ ನಮ್ಮ ಬಿಳಿ ದೋಣಿಯನ್ನು ಕಟ್ಟಿದಾಗ ಅಲ್ಲಿಯವರು ಬಂದು ವಿಚಾರಿಸುತ್ತಿದ್ದರು. ಮೀನಿಗೂ ಅಲ್ಲ, ಹರಕೆಗೂ ಅಲ್ಲ, ಸುಮ್ಮನೆ ನೋಡಲಿಕ್ಕೆ ಎಂದರೆ ನಂಬುತ್ತಿರಲಿಲ್ಲ. ಮಲ್ಪೆಯಲ್ಲಿ ಒಬ್ಬ ಹೆಂಗಸು ಅಕ್ಕನ ಕೈಗೆ ಬೆಳ್ಳಿಯಂತೆ ಹೊಳೆಯುವ ಬಂಗುಡೆ ಮೀನು ಹಾಕಿ, “ನೀವು ಧೈರ್ಯದವರು ಅಕ್ಕ. ನಮ್ಮ ಗಂಡಸರು ದಿನಾ ಹೋಗ್ತಾರೆ, ನಾನು ಒಮ್ಮೆಯೂ ಹೋಗ್ಲಿಲ್ಲ” ಎಂದಳು. ಅಕ್ಕ ಆ ಸಂಜೆ ಅದರ ಹುಳಿಖಾರದ ಪುಳಿಮುಂಚಿ ಮಾಡುವಾಗ ಆ ಮಾತನ್ನು ಎರಡು ಸಲ ನಮಗೆ ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ಮರವಂತೆ ಕಂಡಿತು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಹೆದ್ದಾರಿ. ನಾವು ಬಸ್ಸಿನಲ್ಲಿ ಎಷ್ಟು ಸಲ ಹೋಗಿಲ್ಲ ಆ ದಾರಿಯಲ್ಲಿ! ನೀರಿನಿಂದ ನೋಡಿದರೆ ರಸ್ತೆಯೇ ಕಾಣುವುದಿಲ್ಲ. ಬಸ್ಸುಗಳೂ ಲಾರಿಗಳೂ ನೀರಿನ ಮೇಲೆಯೇ ಓಡುತ್ತಿರುವ ಹಾಗೆ ಕಾಣುತ್ತವೆ. ಅಷ್ಟು ಸಪೂರದ ಮರಳಿನ ಪಟ್ಟಿಯ ಮೇಲೆ ಅಷ್ಟು ಜನ ಹಾರ್ನ್ ಹಾಕುತ್ತಾ, ಮೊಬೈಲ್ ನೋಡುತ್ತಾ, ನಿದ್ದೆ ಮಾಡುತ್ತಾ ಹೋಗುತ್ತಿದ್ದರು.

ಅಂದು ಮಧ್ಯಾಹ್ನ, ಭಟ್ಕಳ ತಲುಪುವ ಮೊದಲು, ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಯಾರೋ ಎಸೆದ ಹರಿದ ಬಲೆಯ ತುಂಡು ದೋಣಿಯಡಿ ನೀರು ತಳ್ಳುವ ಫ್ಯಾನಿಗೆ ಸುತ್ತಿಕೊಂಡಿತ್ತು. ಹೆದರುವುದು ಎಂತದ್ದೂ ಇಲ್ಲ, ಕತ್ತರಿಸಿ ತೆಗೆದರೆ ಆಯಿತು ಎಂದು ಭಾವ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿ, ಬಾಯಲ್ಲಿ ಚೂರಿ ಕಚ್ಚಿಕೊಂಡು ಹಿಂಬದಿಯ ಏಣಿ ಹಿಡಿದು ನೀರಿಗೆ ಇಳಿದರು. ಹಗ್ಗದ ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು. ಸದ್ದು ನಿಂತ ಮೇಲೆ ಕಡಲು ಎಷ್ಟು ದೊಡ್ಡದು ಎಂದು ಗೊತ್ತಾಯಿತು. ದಡ ಬರೀ ಒಂದು ಹಸಿರು ನೂಲು. ದೂರದಲ್ಲಿ ನೇತ್ರಾಣಿ ಗುಡ್ಡ ನೀರಿನಿಂದ ತಲೆ ಎತ್ತಿತ್ತು. ಉಳಿದದ್ದೆಲ್ಲ ಹೊಳೆಯುವ ನೀರು. ಅಲ್ಲಿ ನೀರು ತಿಳಿಯಾಗಿದ್ದು, ಭಾವನ ಕಾಲುಗಳು ಕೆಳಗೆ ಬೆಳ್ಳಗೆ ಆಡುವುದು ಕಾಣುತ್ತಿತ್ತು.

ಮೊದಲು ನೋಡಿದ್ದು ಅಕ್ಕ. “ಅದೆಂತ, ಮೋಡದ ನೆರಳಾ?” ಎಂದಳು.

ಆಕಾಶದಲ್ಲಿ ಮೋಡ ಇರಲಿಲ್ಲ. ನೆರಳು ನಮ್ಮ ಕಡೆಗೇ ಬರುತ್ತಿತ್ತು, ಅವಸರವಿಲ್ಲದೆ. ಹತ್ತಿರವಾದಂತೆ ಅದಕ್ಕೆ ಅಗಲವಾದ ಚಪ್ಪಟೆ ತಲೆ ಬಂತು, ಬೆನ್ನು ಬಂತು, ಬೆನ್ನಿನ ಮೇಲೆ ಒಂದು ರೆಕ್ಕೆ ನೀರು ಸೀಳಿ ಮೇಲೆ ಬಂತು.

“ಮೇಲೆ ಬನ್ನಿ! ಮೇಲೆ ಬನ್ನಿ!” ಅಕ್ಕ ಕಿರುಚಿ ಹಗ್ಗ ಎಳೆಯತೊಡಗಿದಳು. ನಾನೂ ಹಿಡಿದು ಎಳೆದೆ. ಭಾವ ಒಂದು ಕೈಯಲ್ಲಿ ಏಣಿ ಹಿಡಿದು, ಚೂರಿಯನ್ನು ಬಾಯಿಂದ ತೆಗೆದು, ತಿರುಗಿ ನೋಡಿದರು. ಅವರ ಮುಖ ನಾನು ಎಂದೂ ನೋಡದ ಹಾಗೆ ಆಯಿತು. ಹೆದರಿಕೆ ಅಲ್ಲ ಅದು. ಮಗು ಮೊದಲ ಸಲ ಆನೆ ನೋಡಿದಾಗ ಆಗುತ್ತದಲ್ಲ, ಹಾಗೆ.

“ಎಳೀಬೇಡಿ” ಎಂದರು ಮೆಲ್ಲಗೆ. “ಇದು ಎಂತದೂ ಮಾಡುವುದಿಲ್ಲ. ತಿಮಿಂಗಿಲ ಶಾರ್ಕ್ ಇದು. ಸಣ್ಣ ಸಣ್ಣ ಸಿಗಡಿ ತಿಂದು ಬದುಕುವಂಥದ್ದು. ನೋಡಿ. ಸುಮ್ಮನೆ ನೋಡಿ.”

ಅದು ದೋಣಿಗಿಂತ ಉದ್ದವಿತ್ತು. ಕಪ್ಪುನೀಲಿ ಬೆನ್ನಿನ ತುಂಬ ಬಿಳಿ ಚುಕ್ಕಿಗಳು, ಒಂದೇ ಅಂತರದಲ್ಲಿ, ಸಾಲು ಸಾಲಾಗಿ. ಅಂಗಳ ಗುಡಿಸಿ ರಂಗೋಲಿಗೆಂದು ಚುಕ್ಕಿ ಇಟ್ಟು, ಗೆರೆ ಎಳೆಯುವ ಮೊದಲು ಯಾರೋ ಒಳಗೆ ಹೋದ ಹಾಗೆ. ಬಾಯಿ ಅರ್ಧ ತೆರೆದಿತ್ತು, ಬಾಗಿಲಷ್ಟು ಅಗಲ. ಅದರ ಹೊಟ್ಟೆಯ ಕೆಳಗೆ ಸಣ್ಣ ಮೀನುಗಳ ಒಂದು ದಂಡು ನೆರಳಿನಲ್ಲಿ ನಡೆಯುವ ಹಾಗೆ ಬರುತ್ತಿತ್ತು. ಭಾವನಿಂದ ಎರಡು ಮಾರು ದೂರದಲ್ಲಿ ಅದು ತುಸುವೇ ಕೆಳಗೆ ಬಾಗಿ, ದೋಣಿಯ ಅಡಿಗೆ ಇಳಿಯಿತು. ನಾನು ಆ ಬದಿಯಿಂದ ಈ ಬದಿಗೆ ಓಡಿದೆ. ತಲೆ ಈ ಬದಿಯಲ್ಲಿ ಹೊರಗೆ ಬಂದಾಗ ಬಾಲ ಆ ಬದಿಯಲ್ಲಿ ಇನ್ನೂ ನಿಧಾನ ತೂಗುತ್ತಿತ್ತು. ನಾನು ದಿನಾ ಮನುಷ್ಯರ ಎಲುಬು, ಎದೆಗೂಡು ನೋಡುವವಳು. ದೇಹ ಅಂದರೆ ಎಂತ ಎಂದು ಗೊತ್ತುಂಟು ಅಂದುಕೊಂಡಿದ್ದೆ.

ಅಕ್ಕ ಯಾವಾಗ ಬೋರಲು ಮಲಗಿದಳೋ ನಾನು ನೋಡಲಿಲ್ಲ. ದೋಣಿಯ ಅಂಚಿಗೆ ಗಲ್ಲ ಊರಿ, ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ, ಇನ್ನೊಂದು ಕೈಯನ್ನು ಮೊಣಕೈಯವರೆಗೆ ನೀರಿಗೆ ಇಳಿಬಿಟ್ಟಿದ್ದಳು, ಬಳೆ ಸಮೇತ. ಮುಟ್ಟಲಿಕ್ಕಲ್ಲ, ಮುಟ್ಟುವಷ್ಟು ಹತ್ತಿರ ಅದು ಇರಲಿಲ್ಲ. ಅದು ಇರುವ ನೀರಿನಲ್ಲಿ ತನ್ನ ಕೈಯೂ ಇರಲಿ ಎಂಬ ಹಾಗೆ.

“ಏತ್ ಪೊರ್ಲು” ಎಂದಳು ತುಳುವಿನಲ್ಲಿ. ಎಷ್ಟು ಚಂದ, ಎಂದು.

ಅದು ಹೋಯಿತು. ಚುಕ್ಕಿಗಳು ಮಸುಕಾದವು, ನೆರಳಾಯಿತು, ನೀರಾಯಿತು. ಭಾವ ಬಲೆ ಕತ್ತರಿಸಿ ತೆಗೆದು ಮೇಲೆ ಬಂದರು. ಎಂಜಿನ್ ಸರಿಯಾಗಿದ್ದರೂ ಯಾರೂ ಅದನ್ನು ಚಾಲೂ ಮಾಡಲಿಲ್ಲ. ಭಾವ ಹಲಗೆಯ ಮೇಲೆ ನೀರಿಳಿಸುತ್ತಾ ಕುಳಿತಿದ್ದರು. ಅಕ್ಕ ತನ್ನ ಸೆರಗಿನಿಂದ ಅವರ ಬೆನ್ನು ಒರೆಸಿದಳು. ನಾನು ಅವರಿಬ್ಬರನ್ನು ಹಾಗೆ ಎಂದೂ ನೋಡಿದ್ದಿಲ್ಲ. ಮುಖ ಆಚೆ ತಿರುಗಿಸಿದೆ.

“ಇಂಥದ್ದೆಲ್ಲ ಕಡಲಲ್ಲಿ ಉಂಟು ಅಂತ ಫೋನಿನಲ್ಲಿ ಒಂದು ಮಾತು ಯಾಕೆ ಹೇಳ್ಲಿಲ್ಲ?” ಎಂದಳು ಅಕ್ಕ.

“ಹೇಳಿದ್ದೆ ಮಾರಾಯ್ತಿ. ಅಲ್ಲಿ ಒಮ್ಮೆ ಬಂದರಿನ ಹೊರಗೆ ನೋಡಿ, ಅದೇ ಸಂಜೆ ಫೋನ್ ಮಾಡಿದ್ದೆ. ನೀನು, ಹೌದಾ, ಊಟ ಆಯ್ತಾ ಅಂತ ಕೇಳಿದೆ.”

ಅಕ್ಕ ಒದ್ದೆಯಾದ ಸೆರಗನ್ನು ಹಿಂಡಿದಳು. “ಆವಾಗ ಫೋನ್ ಬೇಗ ಕಟ್ ಆಗ್ತಿತ್ತು. ಊಟ ಆಯ್ತಾ ಅಂತ ಮೊದಲು ಗೊತ್ತಾಗ್ಬೇಕಿತ್ತು ನನಗೆ” ಎಂದಳು. ಆಮೇಲೆ, “ಈಗ ಹೇಳಿ. ಅದು ಹೇಗಿತ್ತು? ಇದಕ್ಕಿಂತ ದೊಡ್ಡದಾ?”

ಭಾವ ಹೇಳತೊಡಗಿದರು. ಭಟ್ಕಳದ ಬಂದರು ಸೇರುವವರೆಗೂ ಹೇಳಿದರು. ಬೇಸಿಗೆಯ ಮರಳುಗಾಳಿಯಲ್ಲಿ ಹಗಲು ಕೆಂಪಾಗುವುದು, ಹಡಗಿನ ಮೇಲೆ ದಣಿದು ಬಂದು ಕುಳಿತ ಹಕ್ಕಿಗೆ ಅವರು ಅನ್ನ ಹಾಕಿದ್ದು, ಎಲ್ಲ. ನಡುವೆ ಅಕ್ಕ ಎದ್ದು ಹೋಗಿ ಚುಕ್ಕಾಣಿಯ ಹತ್ತಿರ ನಿಂತಳು. ಯಾವ ಕಡೆ ತಿರುಗಿಸಿದರೆ ಯಾವ ಕಡೆ ಹೋಗುತ್ತದೆ ಎಂದು ಕೇಳಿದಳು. ಭಾವ ಜಾಗ ಬಿಟ್ಟುಕೊಟ್ಟರು.

ಮುಂದೆ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವುದನ್ನು ನೋಡಿದೆವು. ಕಾರವಾರ ಹತ್ತಿರವಾದಂತೆ ಗುಡ್ಡಗಳು ನೇರ ನೀರಿಗೇ ಇಳಿದು ಬರುವುದನ್ನು ನೋಡಿದೆವು. ನಮ್ಮ ಕಡೆ ದೂರ ನಿಂತು ನೋಡುವ ಘಟ್ಟ ಅಲ್ಲಿ ಕಡಲಿಗೆ ಕಾಲು ಇಳಿಬಿಟ್ಟು ಕುಳಿತಿತ್ತು. ಅಕ್ಕ ಪ್ರತಿಯೊಂದಕ್ಕೂ ಬಾಯಿ ತೆರೆದು ನಿಂತಳು, ನಾನೂ.

ಕಾರವಾರದಿಂದ ನಾವಿಬ್ಬರೂ ರೈಲಿನಲ್ಲಿ ಹಿಂದೆ ಹೋಗುವುದು, ಭಾವ ಅಲ್ಲಿಯ ಗೆಳೆಯರೊಬ್ಬರ ಜೊತೆ ದೋಣಿ ತರುವುದು ಎಂದು ಮೊದಲೇ ಮಾತಾಗಿತ್ತು. ಸ್ಟೇಷನ್ನಿಗೆ ಹೊರಡುವಾಗ ಅಕ್ಕನ ಚೀಲ ಕಾಣಲಿಲ್ಲ. ಕೇಳಿದರೆ, “ಒಳಗೆ ಉಂಟು. ನೀನು ಹೋಗು, ನಿನಗೆ ಡ್ಯೂಟಿ ಉಂಟಲ್ಲ. ಆ ಗೆಳೆಯರಿಗೆ ಬರುವುದು ಬೇಡ ಅಂತ ಇವರು ಹೇಳಿ ಆಯ್ತು” ಎಂದಳು, ನನ್ನ ಮುಖ ನೋಡದೆ. ಭಾವ ಡೀಸೆಲ್ ತುಂಬುತ್ತಾ ತಮಗೆ ಏನೂ ಗೊತ್ತಿಲ್ಲದ ಹಾಗೆ ಇದ್ದರು.

ನಾನು ಒಬ್ಬಳೇ ಬಂದೆ. ಕೆಲಸಕ್ಕೆ ಹೋದೆ. ಎಕ್ಸ್‌ರೇ ಕೋಣೆಯಲ್ಲಿ ಉಸಿರು ಹಿಡಿಯಿರಿ, ಬಿಡಿ ಎಂದು ಹೇಳುವಾಗಲೆಲ್ಲ ನೆಲ ತುಸು ವಾಲಿದ ಹಾಗೆ ಆಗುತ್ತಿತ್ತು. ಅವರು ಬರುವ ದಿನ ಮಧ್ಯಾಹ್ನವೇ ರಜೆ ಕೇಳಿಕೊಂಡು ಹೊರಟು, ಫೆರಿ ದಾಟಿ, ಬೆಂಗ್ರೆಯ ದಡದಲ್ಲಿ ನಿಂತೆ. ಮೀನುಗಾರಿಕೆ ಬೋಟುಗಳ ಹಿಂದೆ ಬಿಳಿ ದೋಣಿ ಅಳಿವೆಯ ಅಲೆಗಳ ಮೇಲೆ ಎದ್ದು, ಕೆಳಗೆ ಹೋಗಿ, ಕಾಣದಾಗಿ, ಮತ್ತೆ ಎದ್ದಿತು. ಚುಕ್ಕಾಣಿಯಲ್ಲಿ ಇದ್ದದ್ದು ಭಾವ. ಅಕ್ಕ ಅವರ ಪಕ್ಕದಲ್ಲಿ ಕಾಲು ಅಗಲಿಸಿ ನಿಂತು, ಎದುರಿನ ಒಂದು ನಾಡದೋಣಿ ತೋರಿಸಿ ಏನೋ ಜೋರಾಗಿ ಹೇಳುತ್ತಿದ್ದಳು.

ದಡಕ್ಕೆ ಬಂದವಳು ಬಿಸಿಲಿಗೆ ಕರಿಯಾಗಿದ್ದಳು. ಕೂದಲು ಉಪ್ಪಿಗೆ ಗಂಟುಗಟ್ಟಿತ್ತು. ಮರಳಿಗೆ ಎರಡು ಹೆಜ್ಜೆ ಇಟ್ಟು, ತೂರಾಡಿ, ನಗುತ್ತಾ ಅಲ್ಲೇ ಕುಳಿತಳು.

“ನೆಲ ಅಲ್ಲಾಡ್ತಾ ಉಂಟು ಮಾರಾಯ್ತಿ, ಸ್ವಲ್ಪ ಹಿಡ್ಕೊ” ಎಂದಳು.

ನಾನು ಅವಳ ಪಕ್ಕದಲ್ಲಿ ಕುಳಿತು ಭುಜ ಹಿಡಿದುಕೊಂಡೆ. ಅವಳು ಏಳಲು ಅವಸರ ಮಾಡಲಿಲ್ಲ.