ನಡುವೆ ಇಳಿದ ಎರಡೂವರೆ ತಾಸು

ನಮ್ಮ ಕಡೆ ದಾರಿಯನ್ನು ಕಿಲೋಮೀಟರಿನಲ್ಲಿ ಯಾರೂ ಅಳೆಯುವುದಿಲ್ಲ, ಎಲ್ಲ ತಾಸಿನ ಲೆಕ್ಕ. ಸಿಂಧನೂರಿನಿಂದ ಲಿಂಗಸುಗೂರು ಒಂದೂವರೆ ತಾಸಿನ ದಾರಿ. ಮಸ್ಕಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದರೆ ಎರಡು. ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ. ಹೆಚ್ಚಾಯಿತೆಂದರೆ ಯಾರೋ ಎಲ್ಲೋ ಇಳಿದಿದ್ದಾರೆಂದೇ ಅರ್ಥ.

ಅಕ್ಕನ ಗಂಡ ದುಬೈನಲ್ಲಿ ಕ್ರೇನ್ ನಡೆಸುತ್ತಾನೆ. ಎರಡು ವರ್ಷದ ಮೇಲೆ ರಜೆಗೆ ಬರುವವನಿದ್ದ. ಮಸ್ಕಿಯ ಮನೆಗೆ ಬೀಗ ಹಾಕಿ ಸಿಂಧನೂರಿನ ನಮ್ಮ ಮನೆಗೆ ಬಂದಿದ್ದ ಅಕ್ಕ, ಆ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಅವನ ಹಳೆಯ ಟಿಕೆಟ್ಟನ್ನೂ ಹೊಸದನ್ನೂ ತೆಗೆದು ಕೂತಳು. ಹೋದಾಗ ಹೈದರಾಬಾದಿನಲ್ಲಿ ಹತ್ತಕ್ಕೆ ಹೊರಟು ದುಬೈನಲ್ಲಿ ಹನ್ನೆರಡೂವರೆಗೆ ಇಳಿದಿದ್ದ. ಈ ದಿನ ಅಲ್ಲಿ ಹತ್ತಕ್ಕೆ ಹೊರಟು ಹೈದರಾಬಾದಿನಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿಯುತ್ತಾನಂತೆ.

“ಹೋಗಾಕ ಎರಡೂವರಿ ತಾಸು, ಬರಾಕ ಐದು. ಯಾಕಲೇ?”

ಕಾರಣ ನನಗೆ ಗೊತ್ತಿತ್ತು. ಆದರೆ ನನ್ನ ಬಾಯಿಗೆ ನನ್ನ ದನಿಗಿಂತ ಊರವರ ದನಿಯೇ ಪ್ರೀತಿ. ಮೂಗಿನಲ್ಲಿ ಕಂಡಕ್ಟರನ ರಾಗ ಎಳೆದೆ: “ಯಾರ್ರೀ ನಡಕ ಇಳಿಯೋರು? ಲಗೂನ ಇಳೀರಿ! ಮಾಮಾ, ನಿಮ್ಮ ಇನ್ನೊಂದು ಮನಿ ಬಂತು!”

ಅವ್ವ ನಕ್ಕಳು. ಅಕ್ಕ ನಗಲಿಲ್ಲ.

“ಹೋದ ಸಲ ತಂದ ಅತ್ತರಿನ ಬಾಟ್ಲಿ ಅರ್ಧ ಖಾಲಿ ಇತ್ತು,” ಎಂದಳು ಮೆಲ್ಲಗೆ. “ಈಗ ತಿಳೀತು. ಆ ಎರಡೂವರಿ ತಾಸು ಎಲ್ಲಿದ್ದ ಅಂತ ಹೇಳೋತನಕ ನಾ ಮಸ್ಕಿ ಮನಿ ಬೀಗ ತೆಗಿಯಾಂಗಿಲ್ಲ.”

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಎಂದು ಸಾಲೆಯ ಮಾಸ್ತರರ ದನಿಯಲ್ಲಿ ಹೇಳಿದೆ, ಆಮೇಲೆ ಟೀವಿಯ ವಾರ್ತೆಯ ದನಿಯಲ್ಲಿ. ಕೊನೆಗೆ ನನ್ನದೇ ದನಿಯಲ್ಲಿ ಹೇಳಿದಾಗ ಅಕ್ಕ ಕಣ್ಣು ಸಣ್ಣ ಮಾಡಿದಳು.

“ಇದ್ಯಾರ ದನಿ? ಆಗ ನಡಕ ಇಳಿದಾನ ಅಂದಿ, ಈಗ ವಾಚಿನ ಕಥಿ ಹೇಳಾಕತ್ತಿ. ನಿಮ್ಮ ಮಾಮಾ ಫೋನ್ ಮಾಡಿ ಕಲಿಸ್ಯಾನೇನು?”

ಮೂರು ದಾಟುತ್ತಿದ್ದಂತೆ, ನಾನು ಅಡಿಗೆಮನೆಯಲ್ಲಿದ್ದಾಗ, ಮಾಮಾನ ಫೋನು ಬಂತು. ಅಕ್ಕ ಸ್ಪೀಕರ್ ಹಾಕಿದಳು. “ಇಳಿದೀನಿ. ಹೈದರಾಬಾದ್‌ನಾಗ ಬಸ್ ಹಿಡಿದು ನಾಳೆ ಮುಂಜಾನೆ ಮಸ್ಕಿಗೆ ಬರ್ತೀನಿ.”

“ಲೇ, ಅಡಿಗಿಮನ್ಯಾಗ ಕುಂತು ಮಾಮಾನ ದನಿ ತಗೀಬ್ಯಾಡ!” ಎಂದು ಅಕ್ಕ ಕೂಗಿದಳು.

ನಾನು ಬಾಯಿತುಂಬ ಮಂಡಕ್ಕಿ ಒಗ್ಗರಣೆ ತುಂಬಿಕೊಂಡು, ಎರಡೂ ಕೈ ಮೇಲೆತ್ತಿ ಬಾಗಿಲಿಗೆ ಬಂದು ನಿಂತೆ. ಅಕ್ಕ ನನ್ನನ್ನು ನೋಡಿದಳು, ಫೋನನ್ನು ನೋಡಿದಳು.

“ನಿಮ್ಮ ವಾಚಿನಾಗ ಈಗ ಎಷ್ಟಾಗೇತ್ರಿ?”

“ಒಂದೂವರಿ... ಅಯ್ಯ, ತಡಿ, ಮುಳ್ಳು ತಿರುವೋದ ಮರ್ತೀನಿ.”

ಅಕ್ಕ ಗೋಡೆಯ ಗಡಿಯಾರ ನೋಡಿ ಬೆರಳು ಮಡಚಿದಳು. ಎರಡು ಸಲ ಎಣಿಸಿದಳು. ಆಮೇಲೆ ಕಪಾಟಿನಿಂದ ಮಸ್ಕಿ ಮನೆಯ ಕೀಲಿಕೈ ತೆಗೆದುಕೊಂಡಳು.

“ನಾಲ್ಕರ ಬಸ್ಸಿಗೆ ಹೋಗಿ ಕಸ ಹೊಡೀತೀನಿ,” ಎಂದವಳು ಹೊಸ್ತಿಲ ಮೇಲೆ ತಿರುಗಿ ನಿಂತಳು. “ಹೋದ ಸಲ ಬಸ್‌ಸ್ಟ್ಯಾಂಡಿನಿಂದ ಅವರ ಬ್ಯಾಗ್ ಹೊತ್ತು ತಂದವ ಯಾರು?”

ಯಾರ ದನಿಯೂ ನೆನಪಾಗಲಿಲ್ಲ. ಆ ವಾರವೆಲ್ಲ ನಾನು ಅತ್ತರಿನಿಂದ ಘಮಘಮಿಸುತ್ತಿದ್ದುದು ಅವಳಿಗೂ ನೆನಪಿರಬೇಕು.