ಹೆಚ್ಚಾದ ಒಂದು ತಿಂಗಳು

ಹಳಿಯಾಳ ಬಸ್‌ಸ್ಟ್ಯಾಂಡ್ ಕಂಡಾಗೆಲ್ಲ ನನಗ ಮಾಮಾ ಬಿಡುಗಡೆಯಾಗಿ ಬಂದ ದಿನ ನೆನಪಾಗತೈತಿ. ಹೊಡೆದಾಟದ ಕೇಸಿನಾಗ ಜಾಮೀನು ನಿಲ್ಲೋರು ಸಿಗದೆ ಅವ ನಾಲ್ಕು ತಿಂಗಳು ಜೈಲಿನಾಗ ಇದ್ದ.

ತೀರ್ಪಿನ ದಿನ ಜಡ್ಜ್ ಸಾಹೇಬರು ಮೂರು ತಿಂಗಳ ಶಿಕ್ಷೆ ಅಂದಾಗ ಅತ್ತಿ ಅಳಾಕ ಶುರು ಮಾಡಿದಳು. ನಾನು ಖಡಕ್ ರೊಟ್ಟಿಯ ಗಂಟು ಒಯ್ದು ಪೊಲೀಸರ ಕೈಗೆ ಕೊಟ್ಟು, "ಸಣ್ಣಗ ಮುರಿದು ಕೊಡ್ರಿ, ಮೂರು ತಿಂಗಳು ಬರಬೇಕು" ಅಂದೆ.

ನಮ್ಮ ವಕೀಲರು ಗಂಟು ಕಸಗೊಂಡರು. "ಏ ಶ್ಯಾಣ್ಯಾ, ತೀರ್ಪಿಗಿಂತ ಮೊದಲು ಒಳಗ ಇದ್ದ ದಿನಾನೂ ಶಿಕ್ಷೆದಾಗ ಹಿಡಿತಾರ. ನಿಮ್ಮ ಮಾಮಾನ ಶಿಕ್ಷೆ ಮುಗಿದು ತಿಂಗಳಾತು. ಇನ್ನ ಬಿಡ್ತಾರ."

"ಹಂಗಾರ ಹೆಚ್ಚಾದ ಆ ತಿಂಗಳು ಯಾರು ತಿರುಗಿ ಕೊಡ್ತಾರ್ರಿ?"

"ಅದನ್ನ ಯಾರೂ ಕೊಡಂಗಿಲ್ಲಪಾ," ಅಂದ ವಕೀಲರು ಮತ್ತ ನನ್ನ ಮುಖ ನೋಡಲಿಲ್ಲ.

ಮರುದಿನ ಕಾಗದಪತ್ರ ಮುಗಿದು ಮಾಮಾ ಹಳಿಯಾಳಕ್ಕೆ ಬಂದಿಳಿದ. ಕರಕೊಂಡು ಹೋಗಾಕ ನಾನೊಬ್ಬನೇ ಬಂದಿದ್ದೆ. ವಕೀಲರ ಮಾತು ಹೇಳಿದೆ.

"ಆ ತಿಂಗಳು ಮನ್ಯಾಗ ಏನಾತಲೇ?" ಅಂತ ಕೇಳಿದ.

"ನಿನ್ನ ಮಗಳು ನಡಿಯಾಕ ಕಲತಳು."

ಅವ ಕೈಯಾಗಿನ ಚೀಲ ಕೆಳಗಿಟ್ಟ. "ಮೊದಲ ಹೆಜ್ಜಿ ಹೆಂಗ ಇಟ್ಟಳು? ಮಾಡಿ ತೋರಸು."

ಸಾಲಿಯೊಳಗ ಮಾಸ್ತರರನ್ನ ಅಣಕಿಸಿ ಬೈಸಿಕೊಂಡವ ನಾನು, ನನಗೇನು ನಾಚಿಕಿ. ಕೈ ಅಗಲಿಸಿ, ಹೊಟ್ಟಿ ಮುಂದ ಮಾಡಿ, ಎರಡು ಹೆಜ್ಜಿ ತೂರಾಡಿ ದಪ್ಪಂತ ಕುಂಡಿ ಊರಿ ಕೂತೆ. ಮಾಮಾ ನಕ್ಕ, ಕಣ್ಣು ಒರೆಸಿಕೊಂಡ, "ಇನ್ನೊಮ್ಮೆ" ಅಂದ. ಹಿಂಗ ನಾಲ್ಕು ಸಲ ಬಿದ್ದೆ.

ನಮ್ಮೂರಿಗೆ ಹೋಗೋ ದಾಂಡೇಲಿ ಬಸ್ಸಿನ ಕಂಡಕ್ಟರ್ ಮಾತ್ರ "ಕುಡಿದವರನ್ನ ಹತ್ತಿಸಂಗಿಲ್ಲ" ಅಂತ ನಮ್ಮಿಬ್ಬರನ್ನೂ ಬಿಟ್ಟು ಹೋದ.